ಡೀಟರನ ಕಾಡಿನ ಸಂಸಾರ

“ಕೇಳು, ಎಷ್ಟು ಬೇಕಾದ್ರೂ ಕೇಳು. ಆದ್ರೆ ನಿನ್ನ ಕೈಯಾರೆ ಬರ್ಕೋಬೇಡ,” ಎಂದ ಮುದುಕ.

ರೋಸಾನ್ ಕೊವಾಚ್‌ಗೆ ನಗು ತಡೆಯಲಾಗಲಿಲ್ಲ. ಬರೆಯುವುದಕ್ಕೆಂದೇ ಅವಳು ಆ ಊರಿಗೆ ಬಂದಿದ್ದಳು. ಕ್ಲೀವ್‌ಲ್ಯಾಂಡಿನಲ್ಲಿ ಅವಳು ಹನ್ನೆರಡು ವರ್ಷ ದುಡಿದ ಪತ್ರಿಕೆ ಆ ಬೇಸಿಗೆಯಲ್ಲಿ ಮುಚ್ಚಿತ್ತು. ಅದೇ ಹೊತ್ತಿಗೆ ಪೆನ್ಸಿಲ್ವೇನಿಯಾದ ಬೆಟ್ಟಗಳ ನಡುವಿನ ಹೈಮ್‌ಬಾಕ್ ಎಂಬ ಊರಿನವರು, ಊರಿಗೆ ಇನ್ನೂರು ವರ್ಷ ತುಂಬುತ್ತದೆ, ಒಂದು ಪುಸ್ತಕ ಬೇಕು ಎಂದು ಜಾಹೀರಾತು ಕೊಟ್ಟಿದ್ದರು. ಬರೆಯುವವರು ಹೊರಗಿನವರಾಗಿರಬೇಕು, ಕೈಬರಹ ಚೆನ್ನಾಗಿರಬೇಕು, ಇವೆರಡೇ ಷರತ್ತು. ಮೂವತ್ತನಾಲ್ಕರ ರೋಸಾನ್ ಹಳೆಯ ಕಾರಿಗೆ ಎರಡು ಪೆಟ್ಟಿಗೆ ಬಟ್ಟೆಯನ್ನೂ ಒಂದು ಟೇಪ್ ರೆಕಾರ್ಡರನ್ನೂ ಹಾಕಿಕೊಂಡು ಹೊರಟು, ಅಕ್ಟೋಬರಿನ ಒಂದು ಬೆಳಿಗ್ಗೆ ಊರ ಬಾಯಿಯ ಪೆಟ್ರೋಲ್ ಬಂಕಿನಲ್ಲಿ ನಿಂತು ದಾರಿ ಕೇಳಿದ್ದಳು. ಬಂಕಿನ ಮಾಲೀಕ ಕ್ಲೇಟನ್ ಯೋಡರ್ ದಾರಿ ಹೇಳಿದ ಮೇಲೆ ಈ ಮಾತನ್ನೂ ಸೇರಿಸಿದ್ದ.

ಬಂಕಿನ ಎದುರಿಗೆ, ರಸ್ತೆಯ ಆಚೆ, ಒಂದು ಖಾಲಿ ಜಾಗವಿತ್ತು. ಸುತ್ತಲ ಮೇಪಲ್ ಮರಗಳು ಕೆಂಪಾಗಿ ಉರಿಯುತ್ತಿದ್ದವು. ಆ ಜಾಗದಲ್ಲಿ ಮಾತ್ರ ಹುಲ್ಲುಕಡ್ಡಿಯೂ ಹುಟ್ಟಿರಲಿಲ್ಲ. ಕಪ್ಪು ಮಣ್ಣು. ಮೂರು ಕಲ್ಲಿನ ಮೆಟ್ಟಿಲು, ಯಾವ ಬಾಗಿಲಿಗೂ ಹೋಗದೆ, ಬರಿಯ ಗಾಳಿಗೆ ಏರಿ ನಿಂತಿದ್ದವು.

“ಅಲ್ಲಿ ಏನಿತ್ತು ಅಂತ ನಿನಗೆ ಹೇಳೋಕಂತ್ಲೇ ಊರವರು ಕಾದು ಕೂತಿದಾರೆ,” ಎಂದ ಕ್ಲೇಟನ್. “ಕೇಳಿಸ್ಕೊಂಡು ಹೊರಟು ಹೋಗು. ಕಾಗದಕ್ಕೆ ಮಾತ್ರ ಇಳಿಸ್ಬೇಡ.”

“ಯಾಕೆ ತಾತಾ, ಬರೆದ್ರೆ ಕೈ ಬಿದ್ದುಹೋಗುತ್ತಾ?”

“ಬೀಳಲ್ಲ.” ಮುದುಕ ಅವಳ ಮುಖ ನೋಡಲಿಲ್ಲ. ಎಣ್ಣೆ ಡಬ್ಬಿಗಳ ಕಪಾಟಿನ ಮೇಲ್ತುದಿಯನ್ನೇ ನೋಡುತ್ತಿದ್ದ. ಅಲ್ಲೇನೂ ಇರಲಿಲ್ಲ. “ಕೈ ಕೇಳ್ಕೊಂಡು ಬರ್ತವೆ.”

ಹಳ್ಳಿಯ ಮುದುಕರಿಗೆ ಇಂಥದೊಂದು ಮಾತಿಲ್ಲದಿದ್ದರೆ ದಿನ ಹೋಗುವುದಿಲ್ಲ ಎಂದುಕೊಂಡು ರೋಸಾನ್ ಕಾರು ಹತ್ತಿದಳು. ಹತ್ತಿದವಳೇ ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಆ ಮಾತನ್ನೇ ಬರೆದುಕೊಂಡು ಇನ್ನೊಮ್ಮೆ ನಕ್ಕಳು.

ಅವಳಿಗೆ ಗೊತ್ತುಮಾಡಿದ್ದು ಅರ್ಲೀನ್ ಮೋಯರ್ ಎಂಬವಳ ಮನೆಯ ಮಹಡಿ ಕೋಣೆ. ಅರ್ಲೀನ್ ಊರ ಗ್ರಂಥಾಲಯ ನೋಡಿಕೊಳ್ಳುವವಳು, ಪುಸ್ತಕ ಸಮಿತಿಯ ಕಾರ್ಯದರ್ಶಿ. ಮದುವೆಯಾಗಿರಲಿಲ್ಲ. ನಲವತ್ತೆಂಟಕ್ಕೇ ತಲೆ ಪೂರಾ ನೆರೆತಿತ್ತು. ವರ್ಷಗಟ್ಟಲೆ ನಿದ್ದೆಗೆಟ್ಟವರ ಹಾಗೆ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಬಾಗಿಲು ತೆರೆದವಳ ಕಣ್ಣಿಗೆ ಮೊದಲು ಬಿದ್ದದ್ದು ರೋಸಾನಳ ಕೋಟಿನ ಹರಿದ ಒಳಬಟ್ಟೆ.

“ತೆಗಿ ಇಲ್ಲಿ. ಈ ಚಳೀಲಿ ಹೀಗೇ ತಿರುಗ್ತೀಯಾ? ನಿಮ್ಮಮ್ಮ ನೋಡಿದ್ರೆ ಏನಂತಾಳೆ!”

“ಅಮ್ಮ ಇಲ್ಲ. ನನಗೆ ಏಳು ವರ್ಷ ಆದಾಗ್ಲೇ ಹೋದಳು.”

ಅರ್ಲೀನ್ ಕೋಟನ್ನು ಅವಳ ಹೆಗಲಿನಿಂದ ತೆಗೆದುಕೊಂಡಳು. “ಹಂಗಾದ್ರೆ ನಾನೇ ಬೈಬೇಕು ನಿನ್ನ. ಕೂತ್ಕೋ,” ಎಂದು ಸೂಜಿ ದಾರ ತಂದಳು.

ವಾರ ಕಳೆಯುವಷ್ಟರಲ್ಲಿ ಅವಳ ಬಾಯಲ್ಲಿ ಇವಳು ‘ಮಗಳೇ’ ಆದಳು, ಇವಳ ಬಾಯಲ್ಲಿ ಅವಳು ‘ಅಕ್ಕ’ ಆದಳು. ಸಂಜೆ ಸೇಬಿನ ಹಣ್ಣು ಕುದಿಯುವ ವಾಸನೆ ಮಹಡಿಯವರೆಗೆ ಏರುತ್ತಿತ್ತು. ರೋಸಾನ್ ಬರುವುದು ತಡವಾದರೆ ಅರ್ಲೀನ್ ದೀಪ ಹಿಡಿದು ಗೇಟಿನ ಹತ್ತಿರ ನಿಂತಿರುತ್ತಿದ್ದಳು. ತನಗಾಗಿ ಯಾರಾದರೂ ಹೀಗೆ ಕಾದದ್ದು ರೋಸಾನಳಿಗೆ ನೆನಪೇ ಇರಲಿಲ್ಲ. ಈ ಊರಲ್ಲೇ ಉಳಿದುಬಿಟ್ಟರೆ ಹೇಗೆ ಎಂದೂ ಒಂದೆರಡು ಸಲ ಅನ್ನಿಸಿತು.

ಪುಸ್ತಕಕ್ಕೆ ಮಾತಾಡಬೇಕಾದ ಹಿರಿಯರ ಹೆಸರನ್ನೆಲ್ಲ ಅರ್ಲೀನಳೇ ಬರೆದುಕೊಟ್ಟಳು. ತಾನೂ ಸೇರಿ ಎಂಟು ಜನ. ಯಾರ ಮನೆಗೆ ಹೋದರೂ ಒಂದೇ ಮರ್ಯಾದೆ: ಕಾಫಿ, ಕಾಕಂಬಿ ಹಾಕಿದ ಪೈ, ಒಲೆಯ ಹತ್ತಿರದ ಕುರ್ಚಿ. ಒಂದೇ ಹಟ ಕೂಡ.

“ಆ ಯಂತ್ರ ಆರಿಸಮ್ಮಾ,” ಎಂದರು ಮೊದಲನೆಯವರಾದ ಹಳೆಯ ಶಾಲಾ ಮಾಸ್ತರು, ಟೇಪ್ ರೆಕಾರ್ಡರನ್ನು ಹಾವಿನ ಹಾಗೆ ದೂರ ತಳ್ಳಿ. “ನೀನು ಬರ್ಕೋಬೇಕು. ಅದಕ್ಕೂ ಮುಂಚೆ ನೀನು ಕೇಳ್ಬೇಕು. ಬಾಯಿಬಿಟ್ಟು ಕೇಳು, ಡೀಟರನ ಮನೆ ವಿಷಯ ಹೇಳಿ ಅಂತ.”

“ಡೀಟರನ ಮನೆ ವಿಷಯ ಹೇಳಿ ಸಾರ್,” ಎಂದಳು ರೋಸಾನ್, ಮಗುವಿಗೆ ಆಟ ಆಡಿಸುವವಳ ಹಾಗೆ.

ಬಂಕಿನೆದುರಿನ ಖಾಲಿ ಜಾಗದ ಕತೆ ಅದು. ಹೊಸ ಹೆದ್ದಾರಿ ಬೆಟ್ಟದ ಆಚೆಗೆ ಹೋಗುವುದಕ್ಕೂ ಮುಂಚೆ, ಹಳೆಯ ರಸ್ತೆಯಲ್ಲಿ ದಿನವಿಡೀ ಕಾರು ಓಡುತ್ತಿದ್ದ ಕಾಲದಲ್ಲಿ, ಅಲ್ಲಿ ಮಾಹ್ಲನ್ ಡೀಟರ್ ಎಂಬವನು ಸತ್ತ ಪ್ರಾಣಿಗಳ ಚರ್ಮ ಸುಲಿದು, ಹದಮಾಡಿ, ಮರದ ಹೊಟ್ಟು ತುಂಬಿ, ಗಾಜಿನ ಕಣ್ಣು ಕೂಡಿಸಿ, ದಾರಿಹೋಕರು ನೋಡಲೆಂದು ತನ್ನ ಮನೆಯಲ್ಲಿ ನಿಲ್ಲಿಸಿದ್ದ. ಬಾಗಿಲ ಮೇಲೆ ‘ಕಾಡಿನ ಸಂಸಾರ’ ಎಂಬ ಬೋರ್ಡು. ಒಳಗೆ ಅಳಿಲುಗಳ ಶಾಲೆ: ಹನ್ನೆರಡು ಅಳಿಲು, ಹನ್ನೆರಡು ಪುಟಾಣಿ ಮೇಜು, ಒಂದೊಂದರ ಮುಂದೂ ಉಗುರಿನಷ್ಟು ಸ್ಲೇಟು. ಮೊಲಗಳ ಮದುವೆ. ಇಸ್ಪೀಟಾಡುವ ನರಿಗಳು, ಅವುಗಳಲ್ಲೊಂದು ಬಾಲದ ಕೆಳಗೆ ಎಕ್ಕ ಬಚ್ಚಿಟ್ಟುಕೊಂಡಿತ್ತು. ಹೊಸಿಲಲ್ಲಿ ಆಳೆತ್ತರದ ಕರಡಿ, ಬಲಗೈ ಚಾಚಿಕೊಂಡು. ಬಂದವರೆಲ್ಲ ಅದರ ಕೈ ಕುಲುಕಿಯೇ ಒಳಗೆ ಹೋಗಬೇಕು. ಕುಲುಕಿ ಕುಲುಕಿ ಅದರ ಅಂಗೈಯ ರೋಮವೆಲ್ಲ ಉದುರಿ ಚರ್ಮ ನುಣ್ಣಗಾಗಿತ್ತಂತೆ.

ಮಾಸ್ತರು ಹೆಚ್ಚಾಗಿ ಅಳಿಲುಗಳ ಮಾತನ್ನೇ ಆಡಿದರು. ಮಾಂಸದಂಗಡಿಯ ವಿಧವೆ ಮೊಲಗಳ ಮದುವೆಯನ್ನು, ಅವಳಿ ಅಣ್ಣತಮ್ಮಂದಿರು ನರಿಗಳನ್ನು. ಒಬ್ಬೊಬ್ಬರ ಪಾಲಿಗೆ ಒಂದೊಂದು ಬಂದ ಹಾಗೆ. ಕೊನೆಗೆ ಎಲ್ಲರದೂ ಒಂದೇ ಸಾಲು: “ಐವತ್ತೇಳರಲ್ಲಿ ಬೆಂಕಿ ಬಿತ್ತು. ಡೀಟರನೂ ಒಳಗಿದ್ದ.” ಅಲ್ಲಿಗೆ ಬಾಯಿ ಮುಚ್ಚುತ್ತಿದ್ದರು. ಮಾತು ಮುಗಿಸಿದ ಮೇಲೆ ಅವರ ಮುಖ ನೋಡಬೇಕು! ಹೆಗಲ ಮೂಟೆ ಇಳಿಸಿ ಬೆನ್ನು ನೆಟ್ಟಗೆ ಮಾಡಿಕೊಂಡ ಹಾಗೆ. ವಿಧವೆಯಂತೂ ಬಾಗಿಲು ಮುಚ್ಚುತ್ತಲೇ ಒಳಗೆ ಹಾಡತೊಡಗಿದ್ದು ರೋಸಾನಳಿಗೆ ರಸ್ತೆಯವರೆಗೂ ಕೇಳಿಸಿತ್ತು.

ವಾಸನೆ ಶುರುವಾದದ್ದು ಮಾಸ್ತರ ಮನೆಗೆ ಹೋಗಿ ಬಂದ ಮೂರನೆಯ ಸಂಜೆ. ಕೂದಲು ಸುಟ್ಟ ಕಮಟು. ಕೋಟು ಒಗೆದಳು, ತಲೆ ತೊಳೆದಳು, ಹೋಗಲಿಲ್ಲ. ಮರುದಿನ ಹೊತ್ತು ಮುಳುಗುವಾಗ ಕೋಣೆಯ ಕಿಟಕಿ ಹಲಗೆಯ ಮೇಲೆ ಒಂದು ಅಳಿಲು ಕೂತಿತ್ತು. ಕೊಂಬೆಯಿಂದ ಹಾರಿ ಬಂದಿರಬೇಕು ಎಂದು ಗಾಜು ತಟ್ಟಿದಳು. ಅದು ಕದಲಲಿಲ್ಲ. ಕತ್ತು ಮಾತ್ರ ತಿರುಗಿತು. ಒಣಗಿದ ತೊಗಲು ಕಿರುಗುಟ್ಟುವ ಸದ್ದಿನೊಂದಿಗೆ. ಕಣ್ಣಿರಬೇಕಾದ ಕಡೆ ಎರಡು ಸುಟ್ಟ ತೂತು. ಅದು ಕೂತಿದ್ದದ್ದು ಗಾಜಿನ ಹೊರಗಲ್ಲ, ಒಳಗೆ.

ಅವಳು ದಡದಡನೆ ಇಳಿದು ಬಂದು ಅರ್ಲೀನಳ ತೋಳು ಹಿಡಿದಳು. ಅರ್ಲೀನ್ ಮೇಲೆ ಹೋಗಿ ನೋಡಿ ಬಂದು, “ಏನೂ ಇಲ್ವಲ್ಲ ಮಗಳೇ. ದಿನವಿಡೀ ಅದೇ ಕತೆ ಕೇಳ್ತೀಯಾ, ತಲೇಲಿ ಅದೇ ತುಂಬ್ಕೊಂಡಿದೆ,” ಎಂದು ಬೆನ್ನು ಸವರಿದಳು. ಸವರುವಾಗ ಅವಳ ಮುಖ ತಪ್ಪಿಸಿ ಮೆಟ್ಟಿಲ ಕಡೆಯೇ ನೋಡುತ್ತಿದ್ದಳು. ಮಮತೆಯಿಂದ ತನಗೆ ಕಾವಲಿದ್ದಾಳೆ ಎಂದುಕೊಂಡಳು ರೋಸಾನ್.

ನವೆಂಬರ್ ಬಂತು. ಐದು ಗಂಟೆಗೇ ಕತ್ತಲು. ಅವಳು ನೋಟ್‌ಬುಕ್ಕಿಗೆ ಒಬ್ಬೊಬ್ಬರ ಮಾತು ಇಳಿಸಿದಂತೆ ಕೋಣೆಯಲ್ಲಿ ಒಂದೊಂದು ಜಾಗ ತುಂಬುತ್ತ ಹೋಯಿತು. ಮೆಟ್ಟಿಲ ಮೇಲೆ ಹನ್ನೆರಡು ಅಳಿಲು. ಮಂಚದ ಕಾಲುದೆಸೆಯಲ್ಲಿ ಕರಕಲು ಮುಸುಕಿನ ಮೊಲದ ಮದುಮಗಳು. ಹೊತ್ತು ಮುಳುಗುವಾಗ ಬರುವವು, ಬೆಳಕು ಹರಿದರೆ ಇಲ್ಲ. ಮುಟ್ಟುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಕಣ್ಣಿಲ್ಲದ ಮುಖಗಳನ್ನೆಲ್ಲ ಅವಳತ್ತ ತಿರುಗಿಸಿ ಕೂತಿರುತ್ತಿದ್ದವು. ಡಾಕ್ಟರು ನಿದ್ದೆ ಮಾತ್ರೆ ಬರೆದುಕೊಟ್ಟರು. ತನಗೆ ಹುಚ್ಚು ಹಿಡಿಯುತ್ತಿದೆ ಎಂದೇ ಅವಳು ನಂಬಿದಳು. ಮಾಟ ಎಂಬ ಮಾತು ಆಗಲೂ ಅವಳ ತಲೆಗೆ ಬರಲಿಲ್ಲ.

ಒಂದು ತಾರೀಖು ಸರಿಯೇ ಎಂದು ಕೇಳಲು ಮಾಸ್ತರ ಮನೆಗೆ ಮತ್ತೆ ಹೋದಳು. ಅವರು ಗುಂಡುಗುಂಡಗೆ, ಹತ್ತು ವರ್ಷ ಚಿಕ್ಕವರ ಹಾಗೆ ಕಾಣುತ್ತಿದ್ದರು. “ಯಾವ ಅಳಿಲು? ಯಾವ ಡೀಟರ್?” ಎಂದು ನಕ್ಕರು. “ಆ ಜಾಗದಲ್ಲಿ ಯಾವತ್ತೂ ಏನೂ ಇರ್ಲಿಲ್ಲಮ್ಮಾ.” ಪಾಪ, ವಯಸ್ಸಾಯಿತು ಎಂದುಕೊಂಡು ಹಿಂದಿರುಗಿದಳು.

ಕೊನೆಯವಳು ಅರ್ಲೀನ್. ಬೇಡ ಬೇಡ ಎಂದು ಮುಂದೂಡುತ್ತಲೇ ಇದ್ದವಳು ಒಂದು ಮಧ್ಯಾಹ್ನ ತಾನೇ ಅಡಿಗೆಮನೆಗೆ ಕರೆದು ಎದುರಿಗೆ ಕೂರಿಸಿಕೊಂಡಳು. ಹೊರಗೆ ಹಿಮ ಬೀಳುವ ಮೋಡ. ದೀಪ ಹಾಕಲಿಲ್ಲ.

“ಕೇಳು ಮಗಳೇ.”

“ಹೇಳಕ್ಕಾ. ಡೀಟರನ ಮನೆ ವಿಷಯ ಹೇಳು.”

ಅರ್ಲೀನ್ ಕಣ್ಣು ಮುಚ್ಚಿ ಹೇಳಿದಳು. ಅವಳಿಗಾಗ ಹತ್ತೊಂಬತ್ತು. ಆರು ವರ್ಷದ ತಂಗಿಯನ್ನು ನೋಡಿಕೋ ಎಂದು ತಾಯಿ ಬಿಟ್ಟುಹೋಗಿದ್ದಳು. ಇವಳು ಗೆಳೆಯನ ಜೊತೆ ಕಾರಿನಲ್ಲಿ ಸುತ್ತಾಡಿ ಬರುವಷ್ಟರಲ್ಲಿ ತಂಗಿ ಇಲ್ಲ. ಊರೆಲ್ಲ ಹುಡುಕಿದರು. ಎಲ್ಲಿದ್ದೆ ನೀನು ಎಂದು ಅಪ್ಪ ಕೆನ್ನೆಗೆ ಹೊಡೆದಾಗ ಇವಳ ಬಾಯಿಂದ ಬಂದುಬಿಟ್ಟಿತು: “ಡೀಟರನ ಮನೆಯೊಳಗೆ ಹೋದದ್ದನ್ನ ನೋಡ್ದೆ. ಆಚೆ ಬರ್ಲಿಲ್ಲ.” ಚರ್ಮ ಸುಲಿಯುವವನು! ಜನ ಇನ್ನೇನನ್ನೂ ಕೇಳಲಿಲ್ಲ. ಹೊರಗಿನಿಂದ ಅಗಳಿ ಹಾಕಿ ಬೆಂಕಿಯಿಟ್ಟರು. ತಂಗಿ ಮರುದಿನ ಪಕ್ಕದವರ ಕೊಟ್ಟಿಗೆಯ ಹುಲ್ಲಿನಲ್ಲಿ ಮಲಗಿದ್ದವಳು ಕಣ್ಣುಜ್ಜಿಕೊಂಡು ಎದ್ದು ಬಂದಳು.

“ಅವನ ಗಾಜಿನ ಕಣ್ಣುಗಳು ಸಿಡಿಯೋ ಸದ್ದು ಕೇಳಿಸ್ತಿತ್ತು, ರೋಸಾ. ಪ್ರಾಣಿಗಳದ್ದು. ಪಟಪಟ ಅಂತ. ಕರಡಿ ಬಾಗಿಲಲ್ಲೇ ನಿಂತು ಉರೀತಿತ್ತು, ಕೈ ಚಾಚ್ಕೊಂಡು.”

ರೋಸಾನ್ ಅಳುತ್ತಲೇ ಬರೆದಳು. ಅಕ್ಷರ ಕಾಣದಷ್ಟು ಕಣ್ಣು ತುಂಬಿತ್ತು. ಕೊನೆಯ ಸಾಲು ಮುಗಿಯುವಾಗ ಅರ್ಲೀನ್ ಅವಳ ಎಡಗೈ ಹಿಡಿದು, “ನನ್ನ ಕ್ಷಮಿಸ್ತೀಯಾ ಮಗಳೇ?” ಎಂದಳು.

“ನಾನ್ಯಾರಕ್ಕಾ ಕ್ಷಮಿಸೋಕೆ?” ಎಂದು ಇವಳು ಚುಕ್ಕಿಯಿಟ್ಟಳು.

ಅರ್ಲೀನ್ ಮೆಲ್ಲಗೆ ತಲೆಯೆತ್ತಿದಳು. ಹಣೆಯ ಗೆರೆಗಳು ಒಂದೊಂದಾಗಿ ಸಡಿಲವಾದವು. ಒದ್ದೆ ಕೆನ್ನೆ ಮುಟ್ಟಿಕೊಂಡು ಬೆರಳು ನೋಡಿಕೊಂಡಳು. “ಅಯ್ಯೋ, ನಾವಿಬ್ರೂ ಯಾಕೆ ಅಳ್ತಾ ಕೂತಿದೀವಿ?” ಎಂದು ನಕ್ಕಳು. ಎದ್ದು ದೀಪ ಹಾಕಲು ಹೋದಳು.

ಆಗ ವಾಸನೆ ಬಡಿಯಿತು. ಒಂದು ಕೋಣೆಯಷ್ಟು ಉಣ್ಣೆ ಸುಟ್ಟ ವಾಸನೆ. ಒಲೆಯ ಪಕ್ಕದ ಮೂಲೆಯಲ್ಲಿ ಕತ್ತಲು ಎದ್ದು ನಿಂತಿತು. ಅದಕ್ಕೆ ಹೆಗಲಿತ್ತು. ಮೂತಿಯಿತ್ತು. ಎದೆಯ ಸೀಳಿನಿಂದ ಕೆಂಡ ಹತ್ತಿದ ಹೊಟ್ಟು ಸುರಿಯುತ್ತಿತ್ತು. ಬಲಗೈ ಮುಂದಿತ್ತು. ಅಂಗೈ ನುಣ್ಣಗಿತ್ತು. ದೀಪ ಹತ್ತಿತು. ಅದು ಹೋಗಲಿಲ್ಲ. ಅರ್ಲೀನ್ ಅದರ ಮುಂದೆಯೇ ಹಾದು ಹೋಗಿ ಕಾಫಿ ಪಾತ್ರೆ ಎತ್ತಿಕೊಂಡಳು.

“ಸಕ್ಕರೆ ಎಷ್ಟು ಮಗಳೇ?”

ಕರಡಿ ಒಂದು ಹೆಜ್ಜೆ ಮುಂದಿಟ್ಟಿತು.

ರೋಸಾನ್ ಓಡಿದಳು. ಕಾರು. ರಸ್ತೆ. ಗಾಜಿಗೆ ಬಡಿಯುವ ಹಿಮ. ಊರು ದಾಟಿದಳು. ಉಸಿರು ಬಿಟ್ಟಳು. ಕನ್ನಡಿ ನೋಡಿದಳು. ಹಿಂದಿನ ಸೀಟು ತುಂಬಿತ್ತು. ಅಳಿಲುಗಳು. ನರಿಗಳು. ಅವುಗಳ ನಡುವೆ, ಚಾವಣಿಗೆ ತಲೆ ತಗುಲಿಸಿಕೊಂಡು, ಅದು. ಕೈ ಅವಳ ಸೀಟಿನ ಬೆನ್ನಿನವರೆಗೆ ಬಂದಿತ್ತು.

ಎಲ್ಲಿಗೆ ಹೋದರೂ ಇಷ್ಟೇ ಎಂದು ಗೊತ್ತಾಯಿತು. ಕಾರು ತಿರುಗಿಸಿ ಬಂಕಿಗೆ ಬಂದಳು.

ಕ್ಲೇಟನ್ ಏನನ್ನೂ ಕೇಳಲಿಲ್ಲ. ಒಳಗೆ ಕೂರಿಸಿ, “ಪೆನ್ಸಿಲು ಇಲ್ಲಿ ಕೊಡು,” ಎಂದು ಇಸಿದುಕೊಂಡು ಬೀರುವಿನಲ್ಲಿ ಹಾಕಿ ಬೀಗ ಹಾಕಿದ. “ಈಗ ಹೇಳ್ಬಹುದು. ಅವತ್ತು ಹೇಳಿದ್ರೆ ನನ್ನ ಪಾಲನ್ನೂ ನೀನು ಬರ್ಕೊಂಡುಬಿಡ್ತಿದ್ದೆ.”

ಡೀಟರನ ಹೆಂಡತಿ ಸಲೋಮಿ ಮಂತ್ರ ಬಲ್ಲವಳು. ಊರಲ್ಲಿ ಯಾರ ಮೈ ಸುಟ್ಟರೂ ಅವಳು ಊದಿದರೆ ಉರಿ ಇಳಿಯುತ್ತಿತ್ತು. ಆ ದಿನ ಗಂಡನ ಹತ್ತಿರ ಹೋಗಗೊಡದೆ ಅವಳನ್ನು ಹಿಡಿದುಕೊಂಡಿದ್ದರು. ಬೆಳಿಗ್ಗೆ ಅವಳು ಬೂದಿ ಕೆದಕಿ ಕರಡಿಯ ಪಂಜ ಆರಿಸಿಕೊಂಡಳು. ನಿಂತು ನೋಡಿದವರೆಲ್ಲರ ಮನೆಬಾಗಿಲಿಗೂ ಅದರಿಂದ ಮುದ್ರೆ ಒತ್ತಿದಳು. ನೀವು ಕಂಡದ್ದು ನಿಮ್ಮನ್ನು ಬಿಡದಿರಲಿ, ಗೊತ್ತಿಲ್ಲದವರು ಬಾಯಾರೆ ಕೇಳಿ ಕೈಯಾರೆ ಬರೆದುಕೊಂಡರೆ ಮಾತ್ರ ಇಳಿಯಲಿ ಎಂದು ಹೇಳಿ ಊರು ಬಿಟ್ಟಳು.

“ಊರಲ್ಲಿ ಗೊತ್ತಿಲ್ಲದವರು ಯಾರಿದ್ರು? ಚಿಕ್ಕವರಿಗೆ ದಾಟಿಸೋಕೆ ಮನಸ್ಸು ಬರ್ಲಿಲ್ಲ. ಅದಕ್ಕೇ ಆ ಜಾಹೀರಾತು.”

ರೋಸಾನ್ ತಲೆಯೆತ್ತಿದಳು. “ಅದನ್ನ ಬರೆದವರು ಯಾರು?”

“ಅರ್ಲೀನ್. ಯೋಚನೇನೂ ಅವಳದೇ.” ಮುದುಕ ಕಪಾಟಿನ ಮೇಲ್ತುದಿ ನೋಡಿದ. “ನನ್ನ ಪಾಲಿಗೆ ಒಂದು ಗೂಬೆ. ಇಪ್ಪತ್ತೊಂಬತ್ತು ವರ್ಷ ಅದರ ಮುಂದೆ ಊಟ ಮಾಡಿದೀನಿ. ಅಗಳಿ ಹಾಕಿದ ಕೈ ಇದು, ಇರ್ಲಿ ಬಿಡು ನನ್ನ ಹತ್ರಾನೇ. ಆದ್ರೆ ಕರಡಿ ಬೇರೆ. ಅದು ದಿನಾ ಹೆಜ್ಜೆ ಇಡುತ್ತೆ. ಅರ್ಲೀನಳ ಅಪ್ಪ ಸತ್ತಾಗ ಬಲಗೈ ಮೊಣಕೈವರೆಗೂ ಕರಕಲಾಗಿತ್ತು. ಹೊತ್ತವರು ಸತ್ರೆ ಅದು ಮನೇಲಿ ಉಳಿದವರಿಗೆ ಬರುತ್ತೆ, ಹಂಗೆ ಮಗಳಿಗೆ ಬಂತು. ಅವಳ ಹತ್ರ ನಿಧಾನವಾಗಿ ಬಂತು, ಪಾಪ. ನಿನ್ನ ಹತ್ರ ಎಂಟೂ ಸೇರಿವೆ. ಬೇಗ ಬರುತ್ತೆ.”

ಕೋಟಿನ ಹೊಲಿಗೆ. ಗೇಟಿನ ದೀಪ. ‘ಮಗಳೇ’. ಎಲ್ಲವನ್ನೂ ಒಂದೊಂದಾಗಿ ನೆನೆದು ರೋಸಾನ್ ಬಂಕಿನ ನೆಲದ ಮೇಲೆ ಕೂತು, ಅಮ್ಮ ಸತ್ತ ದಿನವೂ ಅಳದಷ್ಟು ಅತ್ತಳು.

ಮರುದಿನ ಮಧ್ಯಾಹ್ನ ಅವಳು ಅರ್ಲೀನಳ ಬಾಗಿಲಲ್ಲಿ ನಿಂತಿದ್ದಳು. ಬೈಯಬೇಕು ಎಂದಷ್ಟೇ ಬಂದಿದ್ದಳು. ಕಾಲರ್ ಹಿಡಿದು, ನೀನು ಹೀಗೆ ಮಾಡಬಹುದಿತ್ತಾ ಎಂದು ಒಂದು ಸಲ ಕೇಳಬೇಕು.

“ಬಂದ್ಯಾ! ಎಲ್ಲಿ ಹೋಗಿದ್ದೆ, ಎಷ್ಟು ಹೆದರಿಸ್ದೆ!” ಅರ್ಲೀನ್ ಅವಳನ್ನು ತಬ್ಬಿಕೊಂಡಳು. ಕಣ್ಣ ಕೆಳಗಿನ ಕಪ್ಪು ಮಾಯವಾಗಿತ್ತು. “ರಾತ್ರಿ ಎಂಥ ನಿದ್ದೆ ಗೊತ್ತಾ ನನಗೆ! ಹತ್ತು ಗಂಟೆಗೆ ಎದ್ದೆ.”

“ಯಾಕಕ್ಕಾ ಹೀಗ್ಮಾಡ್ದೆ?”

“ಏನ್ಮಾಡ್ದೆ?”

“ಡೀಟರನ ಮನೆ. ಆ ಜಾಹೀರಾತು. ಎಲ್ಲಾ ಗೊತ್ತಿದ್ದೂ ನನ್ನ ಕರೆಸ್ಕೊಂಡೆ.”

ಅರ್ಲೀನಳ ಮುಖದಲ್ಲಿ ಸುಳ್ಳಿನ ನೆರಳೂ ಇರಲಿಲ್ಲ. “ಡೀಟರ್ ಅಂದ್ರೆ ಯಾರು? ಇನ್ನೂರು ವರ್ಷದ ಪುಸ್ತಕಕ್ಕಲ್ವಾ ನಿನ್ನ ಕರೆಸಿದ್ದು?”

ರೋಸಾನಳ ಸಿಟ್ಟಿಗೆ ನಿಲ್ಲಲು ನೆಲವೇ ಇಲ್ಲದಂತಾಯಿತು. ಮೋಸ ಮಾಡಿದವಳು ಈ ಮನೆಯಲ್ಲಿ ಈಗ ಇಲ್ಲ. ಅವಳ ಮುಖ ಹೊತ್ತ ಈ ಒಳ್ಳೆಯ ಹೆಂಗಸು ಕುರ್ಚಿ ಎಳೆದು ಕೂರಿಸುತ್ತಿದ್ದಾಳೆ. ಯಾರನ್ನು ಬೈಯುವುದು?

“ಬಿಡಕ್ಕಾ. ಏನೂ ಇಲ್ಲ,” ಎಂದಳು. ಎದ್ದು ಹೊರಡಬೇಕೆಂದೇ ಇದ್ದಳು. ಕಿಟಕಿಯಾಚೆ ಬೆಳಕು ಬಾಡುತ್ತಿತ್ತು. ಅಡಿಗೆಮನೆಯ ಬಾಗಿಲಲ್ಲಿ ಅಳಿಲುಗಳು ಒಂದೊಂದೇ ಬಂದು ಕೂರುತ್ತಿದ್ದವು.

“ಏನೋ ಇದೆ. ಮುಖ ಹೇಳುತ್ತೆ. ಹೇಳು, ಆ ಡೀಟರನ ಮನೆ ವಿಷಯ. ಊರಿನದ್ದಾದ್ರೆ ನಾನೂ ಗ್ರಂಥಾಲಯಕ್ಕೆ ಒಂದು ಪ್ರತಿ ಬರೆದಿಟ್ಕೋತೀನಿ.” ಅರ್ಲೀನ್ ಎದುರಿಗೆ ಕೂತು ಕಾಗದ ಎಳೆದುಕೊಂಡಳು.

“ಬೇಡಕ್ಕಾ.” ಮೇಜಿನ ಪಕ್ಕದಲ್ಲಿ ಉಣ್ಣೆ ಸುಟ್ಟ ವಾಸನೆ. ಕರಡಿ ಈಗ ಮೊಳದಳತೆಯಲ್ಲಿತ್ತು. ಕೈ ಚಾಚಿತ್ತು. ಆ ಬಿಸಿಗೆ ಅವಳ ಬಲಗೈಯ ರೋಮ ಮುದುರಿತು.

“ನನ್ನ ಹತ್ರಾನೂ ಮುಚ್ಚಿಡ್ತೀಯಾ ಮಗಳೇ?” ಅರ್ಲೀನ್ ನೊಂದುಕೊಂಡಳು. “ನಾನು ನಿನ್ನ ಹತ್ರ ಏನಾದ್ರೂ ಮುಚ್ಚಿಟ್ಟಿದೀನಾ?”

ಆ ಮಾತೊಂದು ಬರದಿದ್ದರೆ ರೋಸಾನ್ ಎದ್ದು ಹೋಗುತ್ತಿದ್ದಳೋ ಏನೋ. ಅವಳು ಮತ್ತೆ ಕೂತಳು.

“ಬರ್ಕೋ,” ಎಂದಳು.

ಅಳಿಲುಗಳ ಶಾಲೆಯಿಂದ ಶುರುಮಾಡಿದಳು. ಮದುವೆ. ಇಸ್ಪೀಟು. ಹತ್ತೊಂಬತ್ತರ ಹುಡುಗಿಯ ಸುಳ್ಳು. ಅಗಳಿ. ಸಿಡಿಯುವ ಕಣ್ಣುಗಳು. ಜಾಹೀರಾತು, ಹೊಲಿದ ಕೋಟು, ಗೇಟಿನ ದೀಪ, ಈ ಊರಲ್ಲಿ ತನಗಾದದ್ದೆಲ್ಲ. ಹೇಳಿದಂತೆ ಒಂದೊಂದೇ ಹಗುರವಾಗುತ್ತಿತ್ತು. ಬಾಗಿಲ ಬಳಿಯವು ಮಸುಕಾದವು. ಅರ್ಲೀನಳ ಪೆನ್ಸಿಲು ಮೊದಲು ಚುರುಕಾಗಿ ಓಡಿತು. ಆಮೇಲೆ ತಡವರಿಸಿತು. ಆಮೇಲೆ ಅವಳು ತಲೆಯಾಡಿಸುತ್ತ, ಬೇಡ, ಸಾಕು ಎನ್ನುತ್ತ, ನಿಲ್ಲಿಸಲಾರದೆ ಬರೆಯುತ್ತಿದ್ದಳು. “ಕೈ ಚಾಚಿಕೊಂಡು,” ಎಂದಳು ರೋಸಾನ್. ಅದನ್ನೂ ಬರೆದಳು.

ಚುಕ್ಕಿ ಬಿತ್ತು.

ರೋಸಾನ್ ಕಣ್ಣು ಮಿಟುಕಿಸಿದಳು. ಯಾರದೋ ಅಡಿಗೆಮನೆ. ತಣ್ಣಗಾದ ಕಾಫಿ. ಎದುರಿಗೆ ನೆರೆಗೂದಲಿನ ಹೆಂಗಸೊಬ್ಬಳು, ಕಾಗದದ ಮೇಲೆ ಬಾಗಿದವಳು, ತಲೆಯೆತ್ತಿ ಇವಳ ಪಕ್ಕದ ಗಾಳಿಯನ್ನು ನೋಡುತ್ತಿದ್ದಳು. ಅವಳ ಬಾಯಿ ತೆರೆದಿತ್ತು, ಸದ್ದು ಬರುತ್ತಿರಲಿಲ್ಲ. ದಾರಿ ಕೇಳಲು ಈ ಮನೆಗೆ ಬಂದೆನೇ? ಬಂದದ್ದಾದರೂ ಯಾವ ಊರಿಗೆ?

ಹೆಂಗಸು ಅವಳ ತೋಳು ಗಪ್ಪನೆ ಹಿಡಿದಳು. “ಹೋಗ್ಬೇಡ. ಬಿಟ್ಟುಹೋಗ್ಬೇಡ ಮಗಳೇ.”

“ಕ್ಷಮಿಸಿ,” ಎಂದಳು ರೋಸಾನ್ ಸೌಜನ್ಯದಿಂದ. “ನನ್ನನ್ನ ಬೇರೆ ಯಾರೋ ಅಂದ್ಕೊಂಡಿರ್ಬೇಕು ನೀವು. ನಾನು ನಿಮ್ಮನ್ನ ಯಾವತ್ತೂ ನೋಡಿಲ್ಲ.”

ಆ ಬೆರಳುಗಳನ್ನು ನೋಯದ ಹಾಗೆ ಒಂದೊಂದಾಗಿ ಬಿಡಿಸಿಕೊಂಡು ಹೊರಗೆ ಬಂದಳು. ಹಿಮ ನಿಂತಿತ್ತು. ಮೈ ಹಗುರವಾಗಿತ್ತು, ಹಸಿವಾಗುತ್ತಿತ್ತು. ಕೆನ್ನೆ ಯಾಕೋ ಒದ್ದೆಯಾಗಿತ್ತು. ಕಾರು ಹೊರಡಿಸುವಾಗ ದೀಪವಿಲ್ಲದ ಕಿಟಕಿಯತ್ತ ಒಮ್ಮೆ ನೋಡಿದಳು. ಒಳಗೆ ಆ ಹೆಂಗಸು ಎದ್ದು ನಿಂತಿದ್ದಳು. ಎಡಗೈಯಿಂದ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದರೂ ಅವಳ ಬಲಗೈ ಮಾತ್ರ, ಯಾರಿಗೋ ಕೈ ಕೊಡುವವಳ ಹಾಗೆ, ಮೆಲ್ಲಗೆ ಮುಂದೆ ಹೋಗುತ್ತಿತ್ತು.